ಕಣ್ಣಾಡಿಸಲಾಗದವನ ಅರಿಕೆ: ಸರ್ಚ್ ಎಂಜಿನ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಸರ್ಚ್ ಎಂಜಿನ್‌ಗಳನ್ನು ರೂಪಿಸುವ ಎಂಜಿನಿಯರುಗಳೇ, ವಿನ್ಯಾಸಕಾರರೇ, ಅವರ ಕೆಲಸಕ್ಕೆ ಕೊನೆಯ ಒಪ್ಪಿಗೆ ಕೊಡುವ ಹಿರಿಯರೇ,

ನಮಸ್ಕಾರ.

ಮೊನ್ನೆ ವೈದ್ಯರು ಬರೆದುಕೊಟ್ಟ ಒಂದು ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕೋ ಆಮೇಲೋ ಎಂಬುದು ಮರೆತುಹೋಯಿತು. ಇಷ್ಟೇ ಪ್ರಶ್ನೆ. ಪಕ್ಕದಲ್ಲಿ ಕೂತಿದ್ದ ಮಗಳು ತನ್ನ ಮೊಬೈಲಿನಲ್ಲಿ ಹುಡುಕಿ ಅರ್ಧ ನಿಮಿಷದೊಳಗೆ ತಲೆಯೆತ್ತಿದಳು. "ಹೇಳಬೇಡ, ನಾನೇ ಹುಡುಕುತ್ತೇನೆ" ಎಂದು ಹಟ ಹಿಡಿದೆ. ಹನ್ನೊಂದು ನಿಮಿಷ ಬೇಕಾಯಿತು. ಅದರಲ್ಲಿ ಮೂರು ನಿಮಿಷ ಒಂದು ಜಾಹೀರಾತಿನ ಪುಟದೊಳಗೆ ಕಳೆದುಹೋದವು. ಅದು ಜಾಹೀರಾತು ಎಂದು ನನಗೆ ತಿಳಿದದ್ದು, ಅದು ಬೇರೆಯೇ ಒಂದು ಮಾತ್ರೆಯನ್ನು ನನ್ನ ತಲೆಗೆ ಕಟ್ಟಲು ಹೊರಟ ಮೇಲೆ. ಮಗಳು ಅಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದಳು. ಆ ಸಹನೆಗೆ ಅವಳನ್ನು ಮೆಚ್ಚಬೇಕು.

ನನ್ನ ಸ್ಥಿತಿಗೆ ವೈದ್ಯರು ಇಟ್ಟಿರುವ ಹೆಸರು ಮಂದದೃಷ್ಟಿ. ದೃಷ್ಟಿಯ ಅಳತೆ 6/60. ಅಂದರೆ, ಸಾಮಾನ್ಯ ದೃಷ್ಟಿಯವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ನಾನು 6 ಮೀಟರ್ ಹತ್ತಿರಕ್ಕೆ ಬಂದು ಗುರುತಿಸುತ್ತೇನೆ. ಕನ್ನಡಕದಿಂದ ಸರಿಹೋಗುವ ದೋಷವಲ್ಲ ಇದು. ಅಕ್ಷಿಪಟಲದ ನಡುವಿನ ಮ್ಯಾಕುಲಾ ಎಂಬ ಭಾಗ, ಸೂಕ್ಷ್ಮವಾದುದನ್ನೆಲ್ಲ ನೋಡಿಕೊಡುವ ಭಾಗ, ನನ್ನಲ್ಲಿ ಸವೆದುಹೋಗಿದೆ. ನೇರ ನೋಡಿದ್ದು ಮಸುಕಾಗುತ್ತದೆ, ಓರೆಯಾಗಿ ನೋಡಿದ್ದು ಅಷ್ಟಿಷ್ಟು ಕಾಣುತ್ತದೆ. ಹಾಗಾಗಿ ಎದುರಿನವರ ಮುಖ ನೋಡಬೇಕಾದಾಗ ಅವರ ಕಿವಿಯನ್ನು ದಿಟ್ಟಿಸುತ್ತೇನೆ. ನನಗೆ ಅವರ ಮಾತಿನಲ್ಲಿ ಆಸಕ್ತಿಯಿಲ್ಲವೆಂದು ಎಷ್ಟೋ ಜನ ತಿಳಿದಿದ್ದಾರೆ. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು, ಆ ಮಾತು ಬೇರೆ.

ಎಲ್ಲರ ಮಂದದೃಷ್ಟಿಯೂ ನನ್ನದರ ಹಾಗಿರುವುದಿಲ್ಲ. ಗ್ಲಾಕೋಮಾ ಇರುವವರಿಗೆ ಅಂಚುಗಳು ಮೊದಲು ಹೋಗುತ್ತವೆ, ನಡುಭಾಗ ಬಹುಕಾಲ ಉಳಿಯುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರು ಕೊಳವೆಯಲ್ಲಿ ಇಣುಕಿದಂತೆ ಜಗತ್ತನ್ನು ನೋಡುತ್ತಾರೆ. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರಿಗೆ ನೋಟದ ತುಂಬ ಅಲ್ಲಲ್ಲಿ ಕಲೆ. ಪೊರೆ ಬಂದವರಿಗೆ ಬಿಳಿ ಪರದೆಯ ಬೆಳಕೇ ಶತ್ರು. ಹತ್ತಿರದ್ದೋ ದೂರದ್ದೋ ನೋಡುವ ತೊಂದರೆ ಇರುವವರು ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾದ ಕನ್ನಡಕ ಸಿಕ್ಕರೆ ಸರಿಹೋಗುವವರೂ ಆ ಲೆಕ್ಕದಲ್ಲಿದ್ದಾರೆ, ಆದ್ದರಿಂದ ಅಷ್ಟೂ ಜನರನ್ನು ನನ್ನ ಬೆನ್ನಿಗೆ ಕಟ್ಟಿಕೊಂಡು ನಿಮ್ಮ ಮುಂದೆ ನಿಲ್ಲುವುದಿಲ್ಲ. ಆದರೆ ವಯಸ್ಸು ಎಂಬುದೊಂದಿದೆ. ನಿಮ್ಮಲ್ಲಿ ಅನೇಕರು ಒಂದಲ್ಲ ಒಂದು ದಿನ ನಮ್ಮ ಗುಂಪಿಗೆ ಸೇರುವವರೇ.

ಈಗ ವಿಷಯಕ್ಕೆ ಬರುತ್ತೇನೆ. ಓದುವುದು ಬೇರೆ, ಕಣ್ಣಾಡಿಸುವುದು ಬೇರೆ. ಓದುವುದಕ್ಕೆ ನನಗೆ ದಾರಿಗಳಿವೆ: ಅಕ್ಷರ ಹಿಗ್ಗಿಸುತ್ತೇನೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತೇನೆ, ದಣಿವಾದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಓದಿಸಿಕೊಳ್ಳುತ್ತೇನೆ. ನಿಧಾನವಾದರೂ ಓದು ಸಾಗುತ್ತದೆ. ಕಣ್ಣಾಡಿಸುವುದಕ್ಕೆ ಮಾತ್ರ ಯಾವ ದಾರಿಯೂ ಇಲ್ಲ. ನೀವು ತೋರಿಸುವ ಫಲಿತಾಂಶಗಳ ಪುಟವಾದರೋ ಕಣ್ಣಾಡಿಸುವವರಿಗಾಗಿಯೇ ಕಟ್ಟಿದ್ದು. ಹತ್ತು ಶೀರ್ಷಿಕೆ, ಒಂದೊಂದರ ಕೆಳಗೆ ಎರಡೆರಡು ಸಾಲು, ನಡುನಡುವೆ ಚಿತ್ರಗಳ ಸಾಲು, ಬಲಗಡೆ ಒಂದು ಚೌಕ, ಮೇಲೊಂದು ಸಾರಾಂಶ. ಕಣ್ಣು ನೆಟ್ಟಗಿರುವವರು ಇದಿಷ್ಟನ್ನೂ ಒಂದೇ ಗುಟುಕಿಗೆ ಕುಡಿದು, ಬೇಡದ ಎಂಟನ್ನು ಓದದೆಯೇ ಬದಿಗೆ ತಳ್ಳಿ, ಬೇಕಾದ ಒಂದರ ಮೇಲೆ ಬೆರಳಿಡುತ್ತಾರೆ. ತಾವು ಎಂಟನ್ನು ತಳ್ಳಿದೆವು ಎಂಬ ಅರಿವೂ ಅವರಿಗಿರುವುದಿಲ್ಲ. ನಾನು ಬೇಡದ್ದನ್ನೂ ಪೂರ್ತಿ ಓದಿದ ಮೇಲೆಯೇ ಅದು ಬೇಡವೆಂದು ತಿಳಿಯಬೇಕು.

ಇದರ ಗಣಿತ ಸರಳ. ಪರದೆಯನ್ನು ಭೂತಗನ್ನಡಿಯ ಹಾಗೆ ನಾಲ್ಕು ಪಟ್ಟು ಹಿಗ್ಗಿಸಿದರೆ ಅಗಲದಲ್ಲಿ ಕಾಲುಭಾಗ, ಎತ್ತರದಲ್ಲಿ ಕಾಲುಭಾಗ ಕಾಣುತ್ತದೆ. ಒಟ್ಟು ಪರದೆಯ 16ರಲ್ಲಿ ಒಂದು ಪಾಲು. ಸಂಜೆಯ ಹೊತ್ತಿಗೆ ಕಣ್ಣು ಸೋತು ಎಂಟು ಪಟ್ಟಿಗೆ ಹೋದರೆ 64ರಲ್ಲಿ ಒಂದು ಪಾಲು. ಉಳಿದ 63 ಪಾಲಿನಲ್ಲಿ ಏನಿದೆ ಎಂಬುದನ್ನು ಮೌಸ್ ಎಳೆದೆಳೆದು, ನೆನಪಿನಲ್ಲಿ ಹೊಲಿದುಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಅಂಧಗಜ ನ್ಯಾಯ ಎಂಬ ಮಾತಿದೆ: ಕಾಲು ಮುಟ್ಟಿದವನಿಗೆ ಆನೆ ಕಂಬ, ಕಿವಿ ಮುಟ್ಟಿದವನಿಗೆ ಮೊರ, ಬಾಲ ಮುಟ್ಟಿದವನಿಗೆ ಹಗ್ಗ. ಆ ಕಥೆಯನ್ನು ಕುರುಡರ ಪೆದ್ದುತನ ತೋರಿಸಲೆಂದೇ ಹೇಳುತ್ತ ಬಂದಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಕಥೆಯ ಆನೆ ಪಾಪ, ಎಲ್ಲರಿಂದಲೂ ಮುಟ್ಟಿಸಿಕೊಳ್ಳುತ್ತ ನಿಂತಲ್ಲೇ ನಿಂತಿರುತ್ತದೆ. ಇನ್ನೆರಡು ಸುತ್ತು ಬಂದಿದ್ದರೆ ಆ ಕುರುಡರೆಲ್ಲರೂ ಆನೆಯನ್ನು ಸರಿಯಾಗಿಯೇ ತಿಳಿದುಕೊಳ್ಳುತ್ತಿದ್ದರು.

ನಿಮ್ಮ ಆನೆ ನಿಲ್ಲುವುದಿಲ್ಲ. ಪುಟ ತೆರೆದು ಎರಡು ಕ್ಷಣವಾದ ಮೇಲೆ ಮೇಲ್ಗಡೆ ಒಂದು ಚಿತ್ರ ಬಂದು ಕೂರುತ್ತದೆ, ನಾನು ಬೆರಳಿಡಲು ಹೊರಟಿದ್ದ ಲಿಂಕ್ ಕೆಳಗೆ ಜಾರುತ್ತದೆ, ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಒಂದು ಫಲಿತಾಂಶ ನೋಡಿ ಹಿಂದಿರುಗಿದರೆ, ನಾನು ಬಿಟ್ಟುಹೋದ ಜಾಗದಲ್ಲಿ "ಇದನ್ನೂ ಹುಡುಕಿದ್ದಾರೆ" ಎಂಬ ಹೊಸ ಪೆಟ್ಟಿಗೆಯೊಂದು ಹುಟ್ಟಿಕೊಂಡಿರುತ್ತದೆ. ಕಣ್ಣಿದ್ದವರಿಗೆ ಇದು ಸಣ್ಣ ಕಿರಿಕಿರಿ. ನನಗೆ ಕಷ್ಟಪಟ್ಟು ಹೊಲಿದ ನಕ್ಷೆಯೇ ಹರಿದುಹೋದಂತೆ. ನನ್ನ ಮೊದಲ ಕೋರಿಕೆ ಇದು: ಒಮ್ಮೆ ತೋರಿಸಿದ ಮೇಲೆ ಕದಲಿಸಬೇಡಿ. ತಡವಾಗಿ ಬರುವ ಚಿತ್ರಕ್ಕೆ ಮೊದಲೇ ಜಾಗ ಕಾದಿರಿಸಿ. ಹಿಂದಿರುಗಿ ಬಂದವನನ್ನು ಎಲ್ಲಿಂದ ಹೋಗಿದ್ದನೋ ಅಲ್ಲಿಗೇ ತಂದು ನಿಲ್ಲಿಸಿ. ಕೊನೆಯೇ ಇಲ್ಲದೆ ಕೆಳಗಿಳಿಯುತ್ತ ಹೋಗುವ ಪುಟವನ್ನು ಬಿಟ್ಟು ಹತ್ತು ಹತ್ತರ ಪುಟಗಳನ್ನು ಆರಿಸಿಕೊಳ್ಳುವ ಅವಕಾಶ ಕೊಡಿ. "ಎರಡನೇ ಪುಟದ ನಾಲ್ಕನೆಯದು" ಎಂದು ನೆನಪಿಟ್ಟುಕೊಳ್ಳಬಹುದು. "ತುಂಬ ಕೆಳಗೆ ಎಲ್ಲೋ ಇತ್ತು" ಎಂಬುದು ನೆನಪಲ್ಲ, ಕೊರಗು.

"ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದಲ್ಲ" ಎಂದು ಹೇಳುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಗೊತ್ತು ಸ್ವಾಮಿ, ನನ್ನ ಕೀಬೋರ್ಡಿನಲ್ಲಿ ಮೊದಲು ಸವೆದ ಕೀಲಿ ಅದೇ. ಹಾಗೆ ಹಿಗ್ಗಿಸಿದಾಗ ಸಾಲುಗಳು ಪರದೆಯ ಅಗಲಕ್ಕೆ ಮತ್ತೆ ಹೊಂದಿಕೊಂಡು ಮುರಿಯಬೇಕು, ಪ್ರತಿ ಸಾಲಿಗೂ ಅಡ್ಡಡ್ಡ ಸರಿಸುವ ಪಾಡು ಇರಬಾರದು. ಜಾಲದ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆ 2018ರಲ್ಲಿ ಹೊರತಂದ ಡಬ್ಲ್ಯುಸಿಎಜಿ 2.1ರಲ್ಲೇ, ಅಂದರೆ ಜಾಲಪುಟಗಳು ಎಲ್ಲರಿಗೂ ಬಳಸಲಾಗುವಂತಿರಲು ಬರೆದ ಮಾರ್ಗಸೂಚಿಯಲ್ಲೇ, ಇದಿದೆ: 1280 ಪಿಕ್ಸೆಲ್ (ಪರದೆಯ ಚುಕ್ಕೆ) ಅಗಲದ ಪರದೆಯನ್ನು ಶೇಕಡ 400ರಷ್ಟು ಹಿಗ್ಗಿಸಿದಾಗ ಉಳಿಯುವ 320 ಪಿಕ್ಸೆಲ್ ಅಗಲದಲ್ಲಿ ಪಠ್ಯ ಹೊಂದಿಕೊಳ್ಳಬೇಕು. ನಿಮ್ಮಲ್ಲಿ ಬಹುಪಾಲು ಜನ ಇದನ್ನು ಪಾಲಿಸಿದ್ದೀರಿ, ಒಪ್ಪುತ್ತೇನೆ. ಆದರೆ ಪುಟದ ನೆತ್ತಿಗೆ ಅಂಟಿಕೊಂಡು ಕೆಳಗಿಳಿದರೂ ಬಿಡದೆ ಹಿಂಬಾಲಿಸುವ ಪಟ್ಟಿಯೊಂದನ್ನು ಇಟ್ಟಿದ್ದೀರಲ್ಲ, ಹಿಗ್ಗಿಸಿದಾಗ ಅದೂ ಹಿಗ್ಗುತ್ತದೆ. ನನ್ನ ಪರದೆಯ ಅರ್ಧ ನಿಮ್ಮ ಲಾಂಛನಕ್ಕೆ, ಕಾಲುಭಾಗ ಕುಕೀ (ನಮ್ಮ ಗುರುತನ್ನು ನೆನಪಿಟ್ಟುಕೊಳ್ಳುವ ಸಣ್ಣ ಕಡತ) ಒಪ್ಪಿಗೆಯ ಕೋರಿಕೆಗೆ, ಉಳಿದ ಕಾಲುಭಾಗ ನಾನು ಹುಡುಕಿದ್ದಕ್ಕೆ.

ಹುಡುಕುವ ಪೆಟ್ಟಿಗೆಯಿಂದಲೇ ತೊಡಗೋಣ. ಬಿಳಿ ಪುಟದ ಮೇಲೆ ಬಿಳಿ ಪೆಟ್ಟಿಗೆ, ಅದರ ಗಡಿ ಮಂಜಿನ ಗೆರೆ. ಎಲ್ಲಿ ಟೈಪ್ ಮಾಡಬೇಕು ಎಂದು ತಿಳಿಯುವುದೇ ಒಂದು ಹುಡುಕಾಟ. ಅದೇ 2018ರ ಮಾರ್ಗಸೂಚಿ ಇಂಥ ಗಡಿಗೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 3:1 ವ್ಯತ್ಯಾಸ ಕೇಳುತ್ತದೆ. ಟೈಪ್ ಮಾಡುತ್ತಿದ್ದಂತೆ ಸಲಹೆಗಳ ಪಟ್ಟಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ನನ್ನ ಕಣ್ಣು ಅಕ್ಷರ ಮೂಡುವ ಜಾಗದ ಮೇಲಿರುತ್ತದೆ, ಪಟ್ಟಿ ನನ್ನ ಭೂತಗನ್ನಡಿಯ ಹೊರಗೆ ತೆರೆದುಕೊಂಡಿರುತ್ತದೆ. ಎಂಟರ್ ಒತ್ತಿದಾಗ ನಾನು ಬರೆದದ್ದು ಹೋಗುತ್ತದೋ ಪಟ್ಟಿಯಲ್ಲಿ ಎದ್ದುನಿಂತ ಸಲಹೆ ಹೋಗುತ್ತದೋ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಇನ್ನು ಕಾಗುಣಿತ ತಪ್ಪಿದರೆ, ಅದು ತಪ್ಪುವುದಂತೂ ಖಚಿತ, ನೀವೇ ತಿದ್ದಿ ಹುಡುಕಿಬಿಡುತ್ತೀರಿ. ಉಪಕಾರವೇ. ಆದರೆ ತಿದ್ದಿದ್ದೇವೆ ಎಂಬ ಸಾಲನ್ನು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಬರೆಯುತ್ತೀರಿ. ಅಪರೂಪದ ಹೆಸರೊಂದನ್ನು ಸರಿಯಾಗಿಯೇ ಟೈಪ್ ಮಾಡಿ, ನೀವು ಅದನ್ನು ಯಾವುದೋ ಜನಪ್ರಿಯ ಹೆಸರಿಗೆ ತಿದ್ದಿ, ನಾನು ಅರ್ಧ ಗಂಟೆ ತಪ್ಪು ಮನುಷ್ಯನ ಜೀವನಚರಿತ್ರೆ ಓದಿದ್ದೂ ಉಂಟು.

ಬಣ್ಣದ ಮಾತು. ಪಠ್ಯಕ್ಕೂ ಹಿನ್ನೆಲೆಗೂ 4.5:1 ವ್ಯತ್ಯಾಸವಿರಬೇಕು ಎಂಬ ನಿಯಮ ನಿಮಗೆಲ್ಲ ಬಾಯಿಪಾಠ. ಆ ಸಂಖ್ಯೆ ಎಲ್ಲಿಂದ ಬಂತು ಎಂಬುದು ಬಹಳ ಜನರಿಗೆ ಗೊತ್ತಿರಲಾರದು. ಸಾಮಾನ್ಯ ದೃಷ್ಟಿಗೆ 3:1 ಸಾಕು ಎಂದಿಟ್ಟುಕೊಂಡು, 6/12 ದೃಷ್ಟಿಯವರಲ್ಲಿ ಕುಗ್ಗುವ ಸಂವೇದನೆಗೆ ಒಂದೂವರೆ ಪಟ್ಟು ಕೂಡಿಸಿದರೆ 4.5. ಸುಮಾರು 6/24 ಇರುವವರಿಗೆಂದು 7:1, ಅದು ಕಟ್ಟುನಿಟ್ಟಿನ ಹಂತ. ಅದಕ್ಕೂ ಕಡಿಮೆ ದೃಷ್ಟಿಯವರು ಹೇಗೂ ಹಿಗ್ಗಿಸುವ ಸಾಧನ ಬಳಸುತ್ತಾರೆಂಬುದು ನಿಯಮ ಬರೆದವರ ಎಣಿಕೆ. ಅಂದರೆ ನೀವು ಹೆಮ್ಮೆಯಿಂದ ತೋರಿಸುವ 4.5 ನಮ್ಮಂಥವರ ಬಾಗಿಲಿಗೆ ಬರುವ ಮುಂಚೆಯೇ ನಿಂತುಬಿಡುತ್ತದೆ. ನೀವೋ, ಆ ಅಂಚಿನ ಮೇಲೆಯೇ ತೂಗಾಡುತ್ತೀರಿ. ಬಿಳಿಯ ಮೇಲೆ #767676 ಎಂಬ ಸಂಕೇತದ ಬೂದು ಬಣ್ಣ 4.54 ಅಂಕ ಪಡೆದು ಪಾಸಾಗುತ್ತದೆ, ಅದಕ್ಕಿಂತ ಒಂದೇ ಒಂದು ಮೆಟ್ಟಿಲು ತಿಳಿಯಾದ #777777 ಫೇಲಾಗುತ್ತದೆ. ಆ ಮೊದಲನೆಯ ಬೂದು ಜಾಲದ ತುಂಬ ಎಷ್ಟು ಕಡೆ ಕಾಣಿಸುತ್ತದೆ ನೋಡಿ. ಪಾಸಾಗಲು ಬೇಕಾದಷ್ಟೇ ಓದುವ ಹುಡುಗನ ಜಾಣತನ ಅದು. ಅದೇ ಬೂದಿನಲ್ಲಿ ನೀವು ಬರೆಯುವುದಾದರೂ ಏನನ್ನು? ಮಾಹಿತಿಯ ದಿನಾಂಕ, ಜಾಲತಾಣದ ವಿಳಾಸ, "ಜಾಹೀರಾತು" ಎಂಬ ಪದ. ನಂಬಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದ ಮೂರೂ ಸಂಗತಿಗಳು ಮಸುಕಿನಲ್ಲಿ, ಆಕರ್ಷಿಸುವ ಶೀರ್ಷಿಕೆ ಮಾತ್ರ ಢಾಳಾಗಿ.

ಜಾಹೀರಾತಿನ ಬಗ್ಗೆ ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಸಂಪಾದನೆ ಅದರಿಂದಲೇ ಎಂಬುದು ತಿಳಿಯದಷ್ಟು ಮುಗ್ಧ ನಾನಲ್ಲ. ಆದರೆ ಅದನ್ನು ಬೇರೆ ಹಿನ್ನೆಲೆ ಬಣ್ಣದ, ದಪ್ಪ ಗಡಿಯ ಪೆಟ್ಟಿಗೆಯೊಳಗೆ ಇಡಿ, "ಜಾಹೀರಾತು" ಎಂಬುದನ್ನು ಶೀರ್ಷಿಕೆಯಷ್ಟೇ ದೊಡ್ಡದಾಗಿ ಅದರ ಎಡಬದಿಯಲ್ಲೇ ಬರೆಯಿರಿ. ಹಿಗ್ಗಿಸಿದ ಕಿಂಡಿಯಲ್ಲಿ ಕಾಣುವುದು ಸಾಲಿನ ಆರಂಭ ಮಾತ್ರ. ಬಲತುದಿಯಲ್ಲಿ ಬರೆದದ್ದು ನನ್ನ ಪಾಲಿಗೆ ಬರೆಯದೇ ಇದ್ದಂತೆ.

ಒಮ್ಮೆ ನೋಡಿದ ಲಿಂಕ್ ನೀಲಿಯಿಂದ ನೇರಳೆಗೆ ತಿರುಗುತ್ತದೆ ಎಂಬುದು ಹಳೆಯ ರೂಢಿ. ನನ್ನ ಕಣ್ಣಿಗೆ ಎರಡೂ ಒಂದೇ ಕಪ್ಪು. ಹಾಗಾಗಿ ಓದಿ ಬಿಟ್ಟ ಪುಟವನ್ನೇ ಮತ್ತೆ ಮತ್ತೆ ತೆರೆಯುತ್ತೇನೆ, ಎರಡು ಪ್ಯಾರಾ ಓದಿದ ಮೇಲೆ "ಅರೆ, ಇದು ಆಗಲೇ ಬಂದಿದ್ದ ಮನೆ" ಎಂದು ತಿಳಿದು ಹೊರಬರುತ್ತೇನೆ. ಮಾಹಿತಿಯನ್ನು ಬಣ್ಣವೊಂದರಿಂದಲೇ ತಿಳಿಸಬಾರದು ಎಂಬುದು ಡಬ್ಲ್ಯುಸಿಎಜಿಯ 1999ರ ಮೊದಲ ಆವೃತ್ತಿಯಲ್ಲೇ ಇತ್ತು. ಶೀರ್ಷಿಕೆಯ ಮುಂದೆ ಒಂದು ಗುರುತು, ಇಲ್ಲವೇ "ನೋಡಿದ್ದು" ಎಂಬ ಒಂದು ಪದ ಸಾಕು.

ಇಷ್ಟೆಲ್ಲ ಹೊರಗಿನ ಮಾತಾಯಿತು. ನನ್ನನ್ನು ಹೆಚ್ಚು ದಣಿಸುವುದು ಫಲಿತಾಂಶವನ್ನು ತೆರೆದ ಮೇಲಿನ ಪಾಡು. ಕಣ್ಣಿದ್ದವರು ಒಂದು ಕೆಟ್ಟ ಪುಟಕ್ಕೆ ಹೋದರೆ ಎರಡು ಸೆಕೆಂಡು ನಷ್ಟ. ಮುಖ ಸಿಂಡರಿಸಿ ಹಿಂದಿರುಗುತ್ತಾರೆ. ನಾನು ಹೋದರೆ ಎದ್ದುಬರುವ ಕಿಟಕಿಯನ್ನು ಮುಚ್ಚುವ ಗುಂಡಿ ಎಲ್ಲಿದೆಯೆಂದು ಮೂಲೆಮೂಲೆ ತಡಕಬೇಕು, ತಾನೇ ಓಡುವ ವಿಡಿಯೋವನ್ನು ನಿಲ್ಲಿಸಬೇಕು, ಪಠ್ಯ ಎಲ್ಲಿ ಶುರುವಾಗುತ್ತದೆಂದು ಹುಡುಕಬೇಕು. ಕೊನೆಗೆ ನೋಡಿದರೆ ಅದು ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದ ಪಿಡಿಎಫ್. ಹಿಗ್ಗಿಸಿದರೆ ಸಾಲು ಮುರಿಯುವುದಿಲ್ಲ, ಸ್ಕ್ರೀನ್ ರೀಡರಿಗೆ ಅದರಲ್ಲಿ ಅಕ್ಷರವೇ ಸಿಗುವುದಿಲ್ಲ. ಆ ಪುಟ ಹೀಗಿದೆ ಎಂಬುದು ನನಗಿಂತ ಮೊದಲು ನಿಮಗೆ ಗೊತ್ತಿತ್ತು. ನಿಮ್ಮ ಯಂತ್ರ ಅದನ್ನು ಆಗಲೇ ಓದಿ, ಅಳೆದು, ಸಾಲಿನಲ್ಲಿ ನಿಲ್ಲಿಸಿದೆ. ಮೊಬೈಲಿಗೆ ಹೊಂದುತ್ತದೋ ಇಲ್ಲವೋ, ಎಷ್ಟು ಬೇಗ ತೆರೆಯುತ್ತದೆ, ತೆರೆಯುವಾಗ ಎಷ್ಟು ಅಲುಗಾಡುತ್ತದೆ ಎಂಬುದನ್ನೆಲ್ಲ ಅಳೆಯುವ ವಿದ್ಯೆ ನಿಮ್ಮ ಬಳಿಯಿದೆ. ಹಾಗಿದ್ದೂ ನನಗೆ ಹೇಳುವುದಿಲ್ಲ.

ಇದು ಕನಸಿನ ಮಾತಲ್ಲ, ಹಿಂದೆ ಒಮ್ಮೆ ನಡೆದಿದೆ. 2006ರ ಜುಲೈನಲ್ಲಿ ಗೂಗಲ್ ತನ್ನ ಪ್ರಯೋಗಾಲಯದಿಂದ ಆಕ್ಸೆಸಿಬಲ್ ಸರ್ಚ್ ಎಂಬುದನ್ನು ಹೊರತಂದಿತ್ತು. ಅದರ ಹಿಂದಿದ್ದವರು ಟಿ.ವಿ. ರಾಮನ್, ಸ್ವತಃ ದೃಷ್ಟಿಯಿಲ್ಲದ ಕಂಪ್ಯೂಟರ್ ವಿಜ್ಞಾನಿ. ಹುಡುಕಿದ ವಿಷಯಕ್ಕೆ ಹೊಂದುವ ಪುಟಗಳಲ್ಲೇ ಸರಳವಾಗಿ ಕಟ್ಟಿದ, ಕಣ್ಣು ಕೆಡಿಸುವ ಅಬ್ಬರ ಕಡಿಮೆಯಿರುವ, ಚಿತ್ರಗಳನ್ನು ತೆಗೆದರೂ ಅರ್ಥವಾಗುವ ಪುಟಗಳನ್ನು ಅದು ಮುಂದಕ್ಕೆ ತರುತ್ತಿತ್ತು. ಎಷ್ಟು ನೇರವಾದ ಆಲೋಚನೆ! ಹುಡುಕುವವನಿಗೆ ಉತ್ತರ ಸಿಕ್ಕರೆ ಸಾಲದು, ಓದಲಾಗುವ ಉತ್ತರ ಸಿಗಬೇಕು. ಆ ಪ್ರಯೋಗ ಮುಂದುವರಿಯಲಿಲ್ಲ. ಅಂದಿನ ಯಂತ್ರಗಳಿಗೆ ಸಾಧ್ಯವಾದದ್ದು ಇಂದಿನವಕ್ಕೆ ಎಡಗೈ ಆಟ. ಎಲ್ಲರಿಗೂ ಹೇರಿ ಎನ್ನುವುದಿಲ್ಲ. ಸೆಟ್ಟಿಂಗ್‌ನಲ್ಲಿ "ಓದಲು ಸುಲಭವಾದವು ಮೊದಲು" ಎಂಬ ಒಂದು ಗುಂಡಿ, ಪ್ರತಿ ಫಲಿತಾಂಶದ ಮುಂದೆ "ಸ್ಕ್ಯಾನ್ ಚಿತ್ರ", "ಹಿಗ್ಗಿಸಿದರೆ ಹೊಂದುತ್ತದೆ", "ವಿಡಿಯೋ ತಾನೇ ಓಡುತ್ತದೆ" ಎಂಬಂಥ ಒಂದು ಚುಟುಕು ಮಾತು. ಈ ಪತ್ರದಲ್ಲಿ ಒಂದನ್ನೇ ನಡೆಸಿಕೊಡುತ್ತೇವೆ ಎನ್ನುವಿರಾದರೆ ಇದನ್ನು ನಡೆಸಿಕೊಡಿ. ಇಂಥ ಪುಟಗಳಿಗೆ ಮುಂದಿನ ಸಾಲು ಸಿಗುತ್ತದೆಂದು ತಿಳಿದರೆ ಜಾಲತಾಣ ಕಟ್ಟುವವರೂ ತಾವಾಗಿಯೇ ಸರಿಹೋದಾರು. ನಮ್ಮ ಬೇಡಿಕೆಗೆ ಕಿವಿಗೊಡದವರು ನಿಮ್ಮ ಶ್ರೇಯಾಂಕಕ್ಕೆ ಕಿವಿಗೊಡುತ್ತಾರೆ.

ಈಚೆಗೆ ಫಲಿತಾಂಶಗಳ ನೆತ್ತಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೊಂದು ಬಂದು ಕೂತಿದೆ. ನನ್ನ ಗೆಳೆಯರಲ್ಲಿ ಹಲವರು ಅದನ್ನು ಬೈಯುತ್ತಾರೆ. ನಾನು ಬೈಯಲಾರೆ. ಕಣ್ಣಾಡಿಸುವ ಕೆಲಸವನ್ನು ನನ್ನ ಪರವಾಗಿ ಯಾರಾದರೂ ಮಾಡಿಕೊಡಲಿ ಎಂದು ಇಷ್ಟು ವರ್ಷ ಬಯಸಿದವನು ನಾನೇ. ಅದು ನೇರವಾಗಿ ನಾಲ್ಕು ಸಾಲು ಬರೆದುಕೊಟ್ಟಾಗ ಕಣ್ಣಿಗೆ ತಂಪೆರೆದಂತಾಗುತ್ತದೆ. ಭಯ ಶುರುವಾಗುವುದೂ ಅಲ್ಲೇ. ಈ ಸಾರಾಂಶಗಳು ತಪ್ಪುತ್ತವೆ, ತಪ್ಪನ್ನೂ ಸರಿಯಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತವೆ. ಕಣ್ಣಿದ್ದವರು ಅನುಮಾನ ಬಂದರೆ ಕೆಳಗಿನ ಎರಡು ಫಲಿತಾಂಶಗಳ ಮೇಲೆ ನೋಟ ಹಾಯಿಸಿ ತಾಳೆ ನೋಡುತ್ತಾರೆ. ನನಗೆ ತಾಳೆ ನೋಡುವ ಖರ್ಚು ಎಷ್ಟೆಂದರೆ, ನಂಬಿಬಿಡುವುದೇ ಅಗ್ಗ. ಮಾತ್ರೆಯ ವಿಷಯದಲ್ಲಿ ಹಾಗೆ ನಂಬಿದರೆ ಏನಾದೀತು ಎಂದು ಯೋಚಿಸಿ. ಆಕರಗಳನ್ನು ನೀವು ಸಾಲಿನ ಕೊನೆಯಲ್ಲಿ ಸಾಸಿವೆಕಾಳಿನಷ್ಟು ಗುಂಡಿಯೊಳಗೆ ಅಡಗಿಸುತ್ತೀರಿ, ಮೌಸ್ ಮೇಲೆ ಹೋದಾಗ ಒಂದು ಚೀಟಿ ತೆರೆದುಕೊಳ್ಳುತ್ತದೆ, ಅದನ್ನು ಓದಲು ಕಿಂಡಿಯನ್ನು ಸರಿಸಿದರೆ ಮೌಸ್ ಸರಿದು ಚೀಟಿ ಮುಚ್ಚಿಕೊಳ್ಳುತ್ತದೆ. ಹೀಗಾಗಬಾರದು, ಚೀಟಿಯ ಮೇಲೆ ಮೌಸ್ ಓಡಾಡಿದರೂ ಅದು ತೆರೆದೇ ಇರಬೇಕು ಎಂದು 2018ರ ಮಾರ್ಗಸೂಚಿಯಲ್ಲೇ ಬರೆದಿಟ್ಟಿದ್ದಾರೆ. ಒತ್ತುವ ಗುರಿ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕೆಂಬುದನ್ನು ಅದೇ ಮಾರ್ಗಸೂಚಿಯ 2023ರ 2.2 ಆವೃತ್ತಿ ಸೇರಿಸಿತು. ಸಾಲಿನ ನಡುವೆ ಬರುವ ಲಿಂಕ್‌ಗೆ ವಿನಾಯಿತಿ ಉಂಟು, ನೀವು ಆ ವಿನಾಯಿತಿಯ ನೆರಳಲ್ಲಿ ನಿಂತಿದ್ದೀರಿ. ಆಕರದ ಹೆಸರನ್ನು ಪೂರ್ಣವಾಗಿ, ಸಾರಾಂಶದಷ್ಟೇ ದೊಡ್ಡ ಅಕ್ಷರದಲ್ಲಿ, ಅದರ ಕೆಳಗೇ ಒಂದು ಸಾಲಿಗೆ ಒಂದರಂತೆ ಬರೆಯಿರಿ. ತೆರೆದರೆ ಆ ಪುಟದ ತಲೆಗೆ ಒಯ್ಯುವ ಬದಲು, ಸಾರಾಂಶ ಯಾವ ವಾಕ್ಯವನ್ನು ನೆಚ್ಚಿದೆಯೋ ಅಲ್ಲಿಗೇ ಒಯ್ಯಿರಿ.

"ಮಾತಿನಲ್ಲಿ ಕೇಳಬಹುದಲ್ಲ?" ಇದು ನನಗೆ ಸಿಗುವ ಎರಡನೆಯ ಉಚಿತ ಸಲಹೆ. ಕೇಳುತ್ತೇನೆ, ಕೈ ಒದ್ದೆಯಿರುವಾಗ, ಹವಾಮಾನ ತಿಳಿಯಬೇಕಾದಾಗ. ಆದರೆ ಬಸ್ಸಿನಲ್ಲಿ ಕೂತು ನನ್ನ ರೋಗದ ಹೆಸರನ್ನು ಗಟ್ಟಿಯಾಗಿ ಹೇಳಿ ಹುಡುಕಲು ನನಗೆ ಮನಸ್ಸಿಲ್ಲ. ಅದಕ್ಕಿಂತ ಮುಖ್ಯವಾಗಿ, ಧ್ವನಿ ಒಂದೇ ಉತ್ತರ ಕೊಡುತ್ತದೆ. ನನಗೆ ಆರಿಸಿಕೊಳ್ಳುವ ಹಕ್ಕು ಬೇಕು. ನಮ್ಮ ವಿಷಯ ಬಂದಾಗಲೆಲ್ಲ ಜಗತ್ತು ಎರಡೇ ಕೋಣೆಗಳನ್ನು ಕಟ್ಟುತ್ತದೆ, ಕಾಣುವವರಿಗೊಂದು, ಕಾಣದವರಿಗೊಂದು. ಸ್ಕ್ರೀನ್ ರೀಡರ್ ಬಳಸುವವರ ಅನುಕೂಲಗಳಿಗಾಗಿ ಒಳ್ಳೆಯ ಕೆಲಸಗಳಾಗಿವೆ, ಇನ್ನೂ ಆಗಬೇಕು. ಅರ್ಧ ಕಾಣುವ ನಾವು ನಡುವಿನ ಹಜಾರದಲ್ಲಿ ನಿಂತಿದ್ದೇವೆ. ಉಳಿದಿರುವ ಕಣ್ಣನ್ನು ಬಳಸಬೇಕೆಂಬ ಆಸೆ ನಮಗಿದೆ.

ಲಿಪಿಯ ಬಗ್ಗೆ ಒಂದು ಮಾತು, ಇದನ್ನು ಇಂಗ್ಲಿಷಿನಲ್ಲಿ ಬರೆದ ಯಾವ ಮಾರ್ಗಸೂಚಿಯೂ ನಿಮಗೆ ಹೇಳಿಕೊಡದು. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಬೇರೆಯಾಗುವುದು ಬುಡದಲ್ಲಿರುವ ಒಂದು ಸಣ್ಣ ಸೀಳಿನಿಂದ. ಆ ಸೀಳು ಕಾಣದವನಿಗೆ ದನವೂ ಧನವೂ ಒಂದೇ. ಹುಡುಕಿದ ಪದವನ್ನು ಎತ್ತಿ ತೋರಿಸಲೆಂದು ನೀವು ಅದನ್ನು ದಪ್ಪ ಅಕ್ಷರ ಮಾಡುತ್ತೀರಲ್ಲ, ಸಣ್ಣ ಗಾತ್ರದ ದಪ್ಪ ಕನ್ನಡದಲ್ಲಿ ಮೊದಲು ತುಂಬಿಹೋಗುವುದು ಆ ಸೀಳೇ. ಎತ್ತಿ ತೋರಿಸಹೋಗಿ ಅಳಿಸಿಬಿಡುತ್ತೀರಿ. ದಪ್ಪ ಮಾಡುವ ಬದಲು ಕೆಳಗೆ ಗೆರೆ ಎಳೆಯೋಣವೆಂದರೆ ಅದು ಒತ್ತಕ್ಷರವನ್ನು ಕುಯ್ದುಕೊಂಡು ಹೋಗುತ್ತದೆ. ತಿಳಿಹಳದಿ ಹಿನ್ನೆಲೆಯಾದರೆ ಯಾವ ಅಕ್ಷರಕ್ಕೂ ಗಾಯವಿಲ್ಲ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದಿಟ್ಟರೆ ಒತ್ತಕ್ಷರದ ಕಾಲುಗಳು ಕತ್ತರಿಸಿಹೋಗುತ್ತವೆ. ಅರಬ್ಬಿಯಲ್ಲಿ ಚುಕ್ಕೆಗಳ ಎಣಿಕೆಯೇ ಅಕ್ಷರವನ್ನು ಬದಲಿಸುತ್ತದೆ, ಅವರ ಕಷ್ಟ ಇನ್ನೊಂದು ಬಗೆಯದು. ಒಂದೇ ಪಿಕ್ಸೆಲ್ ಗಾತ್ರ ಎಲ್ಲ ಲಿಪಿಗಳಿಗೂ ಒಂದೇ ದೊಡ್ಡದಲ್ಲ. ತಿರುವು ಹೆಚ್ಚಿರುವ ಲಿಪಿಗೆ ಗಾತ್ರವನ್ನೂ ಹೆಚ್ಚು ಕೊಡಿ. ಹಾಗೆಯೇ ನಾನು ಮಹಾಪ್ರಾಣ ತಪ್ಪಿ ಟೈಪ್ ಮಾಡಿದರೆ ಎರಡೂ ಕಾಗುಣಿತದ ಫಲಿತಾಂಶ ತನ್ನಿ. ಆದರೆ ತಂದಿದ್ದೇವೆಂದು ದೊಡ್ಡದಾಗಿ ಹೇಳಿ.

ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಕಂಟಕ ಎಂಬುದನ್ನೂ ಮರೆಯುವಂತಿಲ್ಲ. ನನಗೆ ಕಪ್ಪಿನ ಮೇಲೆ ಬಿಳಿ ಅಕ್ಷರ ಬೇಕು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ವಕ್ರತೆ ಸಮವಾಗಿರದ ದೋಷ, ಇರುವ ಹಲವರಿಗೆ ಅದೇ ಅಕ್ಷರಗಳ ಸುತ್ತ ಪ್ರಭೆ ಹರಡಿ ಓದಲಾಗುವುದಿಲ್ಲ. ಕೊಳವೆನೋಟದವರಿಗೆ ಹಿಗ್ಗಿಸಿದಷ್ಟೂ ಕಾಣುವುದು ಕಡಿಮೆ, ಅವರಿಗೆ ಸಣ್ಣದಾಗಿ ಒತ್ತೊತ್ತಾಗಿ ಇದ್ದರೇ ಚೆಂದ. ಆದ್ದರಿಂದ "ಮಂದದೃಷ್ಟಿಯವರಿಗಾಗಿ ವಿಶೇಷ ಪುಟ" ಎಂಬ ಒಂದೇ ಅಂಗಿ ಹೊಲಿದು ಎಲ್ಲರಿಗೂ ತೊಡಿಸಲು ಬರಬೇಡಿ. ನಮ್ಮ ಫೋನು, ಕಂಪ್ಯೂಟರುಗಳಲ್ಲಿ ನಾವಾಗಲೇ ಆಯ್ಕೆ ಮಾಡಿಟ್ಟಿದ್ದೇವೆ: ಗಾಢ ಬಣ್ಣವೋ ತಿಳಿಯೋ, ಹೆಚ್ಚು ವ್ಯತ್ಯಾಸ ಬೇಕೋ, ಚಲನೆ ಬೇಡವೋ ಎಂದು. ಬ್ರೌಸರ್ ಅದನ್ನು ನಿಮ್ಮ ಪುಟಕ್ಕೆ ತಿಳಿಸುತ್ತಲೂ ಇದೆ. ಕೇಳಿಸಿಕೊಂಡರೆ ಸಾಕು. ಪ್ರತಿ ಸಲ ಕುಕೀ ಅಳಿಸಿದಾಗಲೂ ಎಲ್ಲ ಮರೆತು "ಹೊಸಬರಿಗೆ ಸ್ವಾಗತ" ಎನ್ನಬೇಡಿ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಪುಟ ಹಿಗ್ಗಿಸುವುದನ್ನು ತಡೆಯುವ ಆ ಒಂದು ಸಾಲಿನ ಕೋಡನ್ನು ಕಿತ್ತುಹಾಕಿ, ಅದಕ್ಕೆ ಸಮಜಾಯಿಷಿಯೇ ಇಲ್ಲ. ಮತ್ತು ನಾನು ಮನುಷ್ಯನೆಂದು ಸಾಬೀತು ಮಾಡಲು ಮಬ್ಬು ಚಿತ್ರಗಳಲ್ಲಿ ಟ್ರಾಫಿಕ್ ದೀಪ ಹುಡುಕಿಸುವುದನ್ನು ಬಿಡಿ. ಆ ಪರೀಕ್ಷೆಯಲ್ಲಿ ಯಂತ್ರಗಳೇ ನನಗಿಂತ ಚೆನ್ನಾಗಿ ಪಾಸಾಗುತ್ತಿವೆ.

ನಿಯಮಗಳನ್ನು ಇಷ್ಟು ಸಲ ಹೆಸರಿಸಿದ್ದೇನೆಂದು, ಪಟ್ಟಿ ಹಿಡಿದು ಒಂದೊಂದಕ್ಕೇ ಟಿಕ್ ಹಾಕಿದರೆ ಆಯಿತೆಂದು ತಿಳಿಯಬೇಡಿ. ಟಿಕ್ ಹಾಕುವವರ ಕಣ್ಣು ಚೆನ್ನಾಗಿರುತ್ತದೆ. ನಿಮ್ಮ ಕಚೇರಿಯಲ್ಲಿ ಇಂದೇ ಒಂದು ಪ್ರಯೋಗ ಮಾಡಿ: ಮುಷ್ಟಿಯನ್ನು ಸಡಿಲವಾಗಿ ಮಡಚಿ ಕೊಳವೆ ಮಾಡಿಕೊಳ್ಳಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಆ ಕೊಳವೆಯ ಮೂಲಕ ನಿಮ್ಮದೇ ಪುಟದಲ್ಲಿ ನಿಮಗೆ ಉತ್ತರ ಗೊತ್ತಿಲ್ಲದ ಏನನ್ನಾದರೂ ಹುಡುಕಿ. ಬಲಗಡೆಯ ಚೌಕ ನಿಮಗೆ ಎಷ್ಟನೇ ನಿಮಿಷದಲ್ಲಿ ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ. ಇದರಿಂದ ನಮ್ಮ ಬದುಕು ನಿಮಗೆ ಅರ್ಥವಾಗಿಬಿಡುತ್ತದೆಂದು ನಾನು ಹೇಳುತ್ತಿಲ್ಲ, ಪುಟದ ಬದುಕು ಅರ್ಥವಾಗುತ್ತದೆ. ಆಮೇಲೆ ನಮ್ಮಂಥವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಮ್ಮ ಸಮಯಕ್ಕೆ ಸಂಭಾವನೆ ಕೊಡಿ. ಹೊಸ ವಿನ್ಯಾಸ ಬಿಡುಗಡೆಯಾದ ಮೇಲೆ ಅಭಿಪ್ರಾಯ ಕೇಳುವುದಕ್ಕಲ್ಲ, ಅದಿನ್ನೂ ಕಾಗದದ ಮೇಲಿರುವಾಗ.

ನಾಳೆ ನಾನು ಹುಡುಕಬೇಕಾದ ವಿಷಯಗಳ ಚೀಟಿ ಇಲ್ಲೇ ಮೇಜಿನ ಮೇಲಿದೆ, ದಪ್ಪ ಕಪ್ಪು ಮಾರ್ಕರಿನಲ್ಲಿ ಬರೆದದ್ದು. ಒಟ್ಟು ಆರು. ಒಂದು ಹಳೆಯ ಶಬ್ದದ ಅರ್ಥ, ಒಂದು ರೈಲಿನ ವೇಳೆ, ಒಂದು ವಿಮಾ ಅರ್ಜಿ, ಹೀಗೆ. ಮಗಳಿಗಾದರೆ ಕಾಫಿ ಆರುವುದರೊಳಗೆ ಮುಗಿಯುವ ಕೆಲಸ. ನಾನು ಬೆಳಗಿನ ಎರಡು ಗಂಟೆಯನ್ನು, ಕಣ್ಣು ತಾಜಾ ಇರುವ ಎರಡು ಗಂಟೆಯನ್ನು, ಅದಕ್ಕೆಂದೇ ತೆಗೆದಿಟ್ಟಿದ್ದೇನೆ.

ಇಂತಿ,
ಪರದೆಗೆ ಮೂಗು ತಾಗಿಸಿ ಓದುವ ನಿಮ್ಮ ನಿತ್ಯದ ಬಳಕೆದಾರ

ಮರೆತ ಮಾತು: ಈ ಪತ್ರ ಹಿಡಿಸಿದವರು ದಯವಿಟ್ಟು ಇದನ್ನು ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಹಂಚಬೇಡಿ. ಅಕ್ಷರವಾಗಿಯೇ ಹಂಚಿ. ಇಲ್ಲವಾದರೆ ಯಾರಿಗಾಗಿ ಬರೆದೆನೋ ಅವರೇ ಇದನ್ನು ಓದಲಾರರು.